ಪಾರ್ಕಿನಲ್ಲೇ ಬಾವಿ ತೋಡಿ ತೋರಿಸಿದೆವು

ಬೆಂಗಳೂರಿನ ದಕ್ಷಿಣ ಭಾಗದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕೆಲವು ವರ್ಷಗಳಿಂದ ನಾವೊಂದಷ್ಟು ಜನ ಸೇರಿ ಮಳೆನೀರು ಕೊಯ್ಲು, ಇಂಗುಬಾವಿ, ಎಲೆಗೊಬ್ಬರ, ನೀರು ಉಳಿಸುವ ನಲ್ಲಿ ಇಂಥವನ್ನು ಜನರಿಗೆ ತೋರಿಸುವ ಕೆಲಸ ಮಾಡುತ್ತಿದ್ದೇವೆ. ಬೇರೆ ಬಡಾವಣೆಯವರು ಬಂದು ‘ಮೇಡಂ, ನಮ್ಮಲ್ಲೂ ಮಾಡಬೇಕು, ಎಲ್ಲಿಂದ ಶುರು ಮಾಡೋದು?’ ಅಂತ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳುತ್ತಾ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಹೇಳುವುದು ಇದು: ಬೋರ್ಡು, ಚಾರ್ಟು, ಥರ್ಮೋಕೋಲ್ ಮಾದರಿಗಳಿಗೆ ದುಡ್ಡು ಸುರಿಯಬೇಡಿ. ಬೆಳಿಗ್ಗೆ ವಾಕಿಂಗ್ ಬಂದವರು ಬೋರ್ಡಿನ ಮುಂದೆ ನಿಲ್ಲುವುದಿಲ್ಲ. ಕೆಲಸ ನಡೆಯುತ್ತಿದ್ದರೆ ನಿಲ್ಲುತ್ತಾರೆ. ಯಾರೋ ನೆಲ ಅಗೆಯುತ್ತಿದ್ದಾರೆ, ನೀರು ಹರಿಯುತ್ತಿದೆ, ಯಾವುದರಿಂದಲೋ ಹಬೆ ಏಳುತ್ತಿದೆ ಅಂದರೆ ಆತುರದಲ್ಲಿರುವವರೂ ಒಂದು ಪ್ರಶ್ನೆ ಕೇಳಿಯೇ ಮುಂದೆ ಹೋಗುತ್ತಾರೆ. ಆದ್ದರಿಂದ ತೋರಿಸುವ ವಸ್ತು ನಿಜವಾದ ಅಳತೆಯಲ್ಲಿರಬೇಕು, ನಿಜವಾಗಿ ಕೆಲಸ ಮಾಡುತ್ತಿರಬೇಕು, ಅದನ್ನು ದಿನವೂ ಮಾಡುವ ಮನುಷ್ಯರೇ ಅದರ ಪಕ್ಕ ನಿಂತು ಉತ್ತರ ಹೇಳಬೇಕು. ಈ ಮೂರಕ್ಕೆ ನಾವು ಈವರೆಗೂ ರಾಜಿಯಾಗಿಲ್ಲ.

ನಮಗೆ ದಾರಿ ತೋರಿಸಿದ ಜಾಗಗಳು ಈ ಊರಿನಲ್ಲೇ ಇವೆ. ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯವರು ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿನಲ್ಲಿ ಮಳೆನೀರು ಕೊಯ್ಲಿನ ಉದ್ಯಾನವನ್ನೇ ಮಾಡಿಟ್ಟಿದ್ದಾರೆ. ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಹಸಿ ಕಸವನ್ನು ಗೊಬ್ಬರ ಮಾಡುವ ಬಗೆಬಗೆಯ ವಿಧಾನಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. 2020ರ ನವೆಂಬರ್‌ನಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ವಾರಾಂತ್ಯಕ್ಕೆ ವಾಹನ ನಿಲ್ಲಿಸಿ, ಗಾಳಿ ಎಷ್ಟು ತಿಳಿಯಾಗುತ್ತದೆ ಅಂತ ಅಳೆದರಲ್ಲ, ಅದು ನನಗೆ ಬಹಳ ಹಿಡಿಸಿತು. ಅಲ್ಲಿ ನೋಡಲು ಬೇರೆ ವಸ್ತುವೇನೂ ಬೇಕಿರಲಿಲ್ಲ. ಜನ ರಸ್ತೆಯ ನಡುವೆ ನಿರಾಳವಾಗಿ ನಡೆದರು, ಅದೇ ಪ್ರದರ್ಶನ. ನೀವು ಏನಾದರೂ ಶುರು ಮಾಡುವ ಮೊದಲು ಜಯನಗರಕ್ಕೂ ಎಚ್‌ಎಸ್‌ಆರ್‌ಗೂ ಒಮ್ಮೆ ಹೋಗಿ ಬನ್ನಿ. ಹೋಗುವಾಗ ನಿಮ್ಮ ಪ್ಲಂಬರ್ ಮತ್ತು ಪಾರ್ಕಿನ ಮಾಲಿಯನ್ನೂ ಕರೆದುಕೊಂಡು ಹೋಗಿ. ಸಮಿತಿಯವರು ಮಾತ್ರ ನೋಡಿ ಬಂದರೆ ಕೆಲಸ ಮಾತಿನಲ್ಲೇ ಉಳಿಯುತ್ತದೆ.

ಅನುಮತಿಯ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ 1985ರ ರಾಜ್ಯ ಕಾಯ್ದೆ ಇದೆ, ಪಾರ್ಕಿನಲ್ಲಿ ಮನಸ್ಸಿಗೆ ಬಂದದ್ದನ್ನು ಕಟ್ಟುವಂತಿಲ್ಲ, ಕಟ್ಟಲೂಬಾರದು. ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಜಾಗದ ನಕ್ಷೆ ಬರೆದು, ಏನು ಉಳಿಯುತ್ತದೆ, ಏನು ಸಂಜೆಗೆ ಎದ್ದು ಹೋಗುತ್ತದೆ ಅಂತ ಬೇರೆ ಬೇರೆ ಬರೆದು ಕೊಡಿ. ಮರಕ್ಕೆ ಮೊಳೆ ಹೊಡೆಯುವುದಿಲ್ಲ, ಮೈಕ್ ಹಾಕುವುದಿಲ್ಲ ಅಂತ ನೀವಾಗಿಯೇ ಬರೆಯಿರಿ. ನಮಗೆ ಅದರಿಂದ ಅರ್ಧ ಕೆಲಸ ಸುಲಭವಾಯಿತು. ಮೈಕ್ ಇಲ್ಲದಿದ್ದರೆ ಇನ್ನೊಂದು ಲಾಭವೂ ಇದೆ: ಜನ ಹತ್ತಿರ ಬಂದು ಮಾತಾಡುತ್ತಾರೆ.

ಈಗ ಬಾವಿಗೆ ಬರುತ್ತೇನೆ. ನಮ್ಮ ಕೆಲಸದಲ್ಲಿ ನನಗೆ ತುಂಬ ಪ್ರೀತಿ ಇರುವುದು ಇದರ ಮೇಲೆ.

ಪಾರ್ಕಿನ ತಗ್ಗು ಮೂಲೆಯಲ್ಲಿ ಮಳೆ ಬಂದಾಗ ನೀರು ನಿಲ್ಲುತ್ತಿತ್ತು. ಮಕ್ಕಳ ಜಾರುಬಂಡೆಯವರೆಗೂ ಕೆಸರು. ಅಲ್ಲಿಯೇ 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿ ತೋಡಿಸಲು ತೀರ್ಮಾನಿಸಿದೆವು. ದೊಡ್ಡ ಮರದ ಬೇರಿನಿಂದಲೂ ಒಳಚರಂಡಿ ಕೊಳವೆಯಿಂದಲೂ ಆ ಜಾಗ ದೂರ ಇತ್ತು, ಅದನ್ನು ಮೊದಲೇ ನೋಡಿಕೊಳ್ಳಬೇಕು. ಯಂತ್ರ ತರಿಸಿ ಒಂದು ದಿನದಲ್ಲಿ ಕೊರೆಸಬಹುದಿತ್ತು. ಆದರೆ ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಮಣ್ಣು ವಡ್ಡರ ಸಮುದಾಯದವರಿದ್ದಾರೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೆ ಮತ್ತೆ ಜೀವ ಬಂದದ್ದು ಅವರ ಕೈಯಿಂದಲೇ. ಅವರನ್ನೇ ಕರೆದೆವು. ಬಂದವರು ಒಬ್ಬ ಹಿರಿಯರು, ಜೊತೆಗೆ ಅವರ ಅಣ್ಣನ ಮಗ ಮತ್ತು ಇನ್ನೊಬ್ಬ ಹುಡುಗ. ಹಾರೆ, ಗಿಡ್ಡ ಹಿಡಿಯ ಗುದ್ದಲಿ, ಹಗ್ಗ, ರಾಟೆ, ಬುಟ್ಟಿ ಇಷ್ಟೇ ಸರಂಜಾಮು.

ಪ್ರದರ್ಶನಕ್ಕೆಂದೇ ಒಂದು ದಿನ ಇಟ್ಟುಕೊಂಡು ಮುಗಿದ ಬಾವಿಯನ್ನು ತೋರಿಸುವ ಬದಲು, ತೋಡುವ ದಿನಗಳನ್ನೇ ತೆರೆದಿಟ್ಟೆವು. ಸುತ್ತ ಗಟ್ಟಿಯಾಗಿ ಬೇಲಿ ಕಟ್ಟಿ, ನಾಲ್ಕಡಿ ದೂರದಲ್ಲಿ ನಿಂತು ನೋಡಲು ಜಾಗ ಮಾಡಿದೆವು. ಒಳಗಿನಿಂದ ಬಂದ ಮಣ್ಣನ್ನು ಒಂದೇ ರಾಶಿ ಹಾಕದೆ, ನಡೆಯುವ ದಾರಿಯ ಪಕ್ಕ ಗೋಣಿಚೀಲ ಹಾಸಿ, ಅಡಿ ಅಡಿಗೂ ಬಂದ ಮಣ್ಣನ್ನು ಒಂದೊಂದು ಗುಡ್ಡೆ ಮಾಡಿ ಸಾಲಾಗಿ ಇಟ್ಟೆವು. ಮೇಲೆ ಕಟ್ಟಡದ ಕಸ, ಇಟ್ಟಿಗೆ ಚೂರು. ಆಮೇಲೆ ಕೆಂಪು ಮಣ್ಣು. ಇನ್ನೂ ಕೆಳಗೆ ಜೇಡಿ, ಅದರ ಕೆಳಗೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕಲ್ಲುಮಣ್ಣು. ಶಾಲೆಯ ಮಕ್ಕಳು ಆ ಸಾಲಿನ ಉದ್ದಕ್ಕೂ ಕೂತು ಪ್ರತಿ ಗುಡ್ಡೆ ಮುಟ್ಟಿ ನೋಡಿದರು. ಮನೆ ಕೆಳಗಿನ ನೆಲ ಹೇಗಿರುತ್ತದೆ ಅಂತ ಅವರ ಅಪ್ಪ ಅಮ್ಮಂದಿರೂ ಮೊದಲ ಸಲ ನೋಡುತ್ತಿದ್ದರು.

‘ನೀರು ಎಲ್ಲಿ ಇಂಗುತ್ತೆ ಯಜಮಾನ್ರೇ?’ ಅಂತ ಒಬ್ಬರು ಕೇಳಿದರು. ಹಿರಿಯರು ಜೇಡಿ ಗುಡ್ಡೆ ತೋರಿಸಿ, ‘ಇದು ನೀರು ಕುಡಿಯಲ್ಲ ಸಾಮಿ, ಹಿಡಕೊಂಡು ಕೂರುತ್ತೆ. ಇದನ್ನ ದಾಟಿ ಆ ಕಲ್ಲುಮಣ್ಣು ಮುಟ್ಟಬೇಕು. ಅದು ಕುಡಿಯುತ್ತೆ’ ಅಂದರು. ಹತ್ತು ಚಾರ್ಟು ಹಾಕಿದರೂ ನಾನು ಅಷ್ಟು ಚೆನ್ನಾಗಿ ಹೇಳಲಾರೆ. ಅಂಗಳದಲ್ಲಿ ಎರಡು ಮೂರು ಅಡಿ ಗುಂಡಿ ತೆಗೆದು ಜಲ್ಲಿ ತುಂಬಿದರೆ ಯಾಕೆ ನೀರು ಹಾಗೇ ನಿಲ್ಲುತ್ತದೆ ಅನ್ನುವುದು ಅಲ್ಲಿದ್ದವರಿಗೆಲ್ಲ ಆಗಲೇ ತಿಳಿಯಿತು.

ತೋಡಿ ಮುಗಿದ ಮೇಲೆ ಸಿಮೆಂಟ್ ರಿಂಗುಗಳನ್ನು ಹಗ್ಗದಲ್ಲಿ ಇಳಿಸಿ ಒಂದರ ಮೇಲೊಂದು ಕೂರಿಸಿದರು. ಸಂದುಗಳಿಗೆ ಸಿಮೆಂಟ್ ಮೆತ್ತುವುದಿಲ್ಲ, ತಳಕ್ಕೂ ಗಾರೆ ಹಾಕುವುದಿಲ್ಲ. ನೀರು ಆ ಸಂದುಗಳಿಂದ, ತಳದಿಂದ ಹೊರಗೆ ಹೋಗಬೇಕು. ರಿಂಗಿನ ಹೊರಗೆ ಜಲ್ಲಿ ತುಂಬಿದರು. ಮೇಲೆ ಮಗು ಹತ್ತಿ ನಿಂತರೂ ಅಲುಗದ ಕಬ್ಬಿಣದ ಜಾಲರಿ, ಅದಕ್ಕೆ ಬೀಗ. ಇದರಲ್ಲಿ ಒಂದು ಸಲಕ್ಕೆ ಸುಮಾರು 4,000 ಲೀಟರ್ ನೀರು ಹಿಡಿಯುತ್ತದೆ, ಇಂಗಿದಂತೆಲ್ಲ ಮತ್ತೆ ತುಂಬುತ್ತದೆ. ಪಾರ್ಕಿನ ಕಡೆಯಿಂದ ಹರಿದು ಬರುವ ನೀರು ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ಹೂಳು, ಎಲೆ ಬಿಟ್ಟು ಆಮೇಲೆ ಬಾವಿಗೆ ಇಳಿಯುತ್ತದೆ. ಆ ತೊಟ್ಟಿಯ ಹೂಳು ತೆಗೆಯದಿದ್ದರೆ ಎಂಥ ಬಾವಿಯೂ ಎರಡು ಮಳೆಗಾಲಕ್ಕೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ನಾವು ನೋಡಲು ಬಂದವರ ಮುಂದೆ ಹೂಳು ತೆಗೆದೂ ತೋರಿಸುತ್ತೇವೆ.

ಬಾವಿ ತೋಡುತ್ತಿದ್ದಾಗ ಬಂದ ಅಜ್ಜಿಯೊಬ್ಬರು ಬೇಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ತಮ್ಮ ಮನೆಯ ಹಿಂದೆಯೂ ಬಾವಿ ಇತ್ತಂತೆ, ಚಪ್ಪಡಿ ಹಾಕಿ ಮುಚ್ಚಿ ಈಗ ಮೇಲೆ ಕಾರು ನಿಲ್ಲಿಸುತ್ತಾರಂತೆ. ಮರುದಿನ ಮಗನನ್ನು ಕರೆದುಕೊಂಡು ಬಂದರು. ಆ ಬಾವಿಯನ್ನು ಅದೇ ತಂಡ ಶುಚಿ ಮಾಡಿಕೊಟ್ಟಿತು, ಈಗ ಅವರ ಚಾವಣಿ ನೀರು ಸೋಸಿ ಅದಕ್ಕೇ ಹೋಗುತ್ತದೆ. ಹೀಗೆ ನಮ್ಮ ಬೀದಿಗಳಲ್ಲಿ ಇನ್ನೂ ಹಲವು ಮನೆಯವರು ಇಂಗುಬಾವಿ ತೋಡಿಸಿಕೊಂಡರು. ಕೆಲಸ ಸಿಕ್ಕಿದ್ದು ಆ ಹಿರಿಯರಿಗೆ. ನಗರದ ನೀರಿನ ಬಗ್ಗೆ ಇಷ್ಟು ತಿಳಿದವರನ್ನು ನಾವು ಕೂಲಿಯವರು ಅಂತ ಮಾತ್ರ ನೋಡುತ್ತೇವೆ ಅನ್ನುವುದು ನನಗೆ ಬಹಳ ನೋವಿನ ಸಂಗತಿ. ಪ್ರದರ್ಶನಕ್ಕೆ ಕರೆದರೆ ಅವರಿಗೆ ದಿನದ ಸಂಬಳ ಕೊಡಿ, ಉತ್ತರ ಹೇಳುವ ಹೊತ್ತಿಗೂ ಸೇರಿಸಿ ಕೊಡಿ. ಶಾಮಿಯಾನಕ್ಕೆ ಇಟ್ಟ ದುಡ್ಡನ್ನು ಇಲ್ಲಿಗೆ ತನ್ನಿ.

ಲೆಕ್ಕ ತೋರಿಸುವುದಕ್ಕೂ ನಾವು ನೆಲವನ್ನೇ ಬಳಸುತ್ತೇವೆ. ರಂಗೋಲಿ ಪುಡಿಯಲ್ಲಿ 30×40 ಅಡಿಯ ಸೈಟು ಬರೆಯುತ್ತೇವೆ, ನಿಜವಾದ ಅಳತೆಯಲ್ಲೇ. ಅದರೊಳಗೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಗಡಿನ ತಟ್ಟೆ. ಅದಕ್ಕೆ 20 ಲೀಟರಿನ ಕ್ಯಾನ್ ನೀರನ್ನು ಬಂದವರ ಕೈಯಲ್ಲೇ ಸುರಿಸಿ, ಸ್ಕೇಲ್ ಇಟ್ಟು ನೋಡಿ ಅನ್ನುತ್ತೇವೆ: ಎರಡು ಸೆಂಟಿಮೀಟರ್, ಅಂದರೆ 20 ಮಿ.ಮೀ. ಮಳೆ. ಸೈಟಿನಲ್ಲಿ ಇಂಥ ತಟ್ಟೆ 111 ಹಿಡಿಯುತ್ತವೆ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಚೆಲ್ಲಿದ್ದು, ಆವಿಯಾದದ್ದು ಕಳೆದರೂ ಅಷ್ಟು ಚಾವಣಿಯಿಂದ 80,000 ಲೀಟರಿಗಿಂತ ಹೆಚ್ಚು ಸಿಗುತ್ತದೆ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 13 ಟ್ಯಾಂಕರ್. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ನಮ್ಮ ಕಾವೇರಿ ನೀರು ನೂರು ಕಿಲೋಮೀಟರಿನಷ್ಟು ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. ತಲೆಯ ಮೇಲೆ ಸುರಿಯುವುದನ್ನು ಮೋರಿಗೆ ಬಿಟ್ಟು ಅಲ್ಲಿಂದ ತರಿಸಿಕೊಳ್ಳುವುದು ನ್ಯಾಯವಲ್ಲ.

ನಲ್ಲಿಯ ಏರಿಯೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಪುಟ್ಟ ಬಿಡಿಭಾಗ, ತೋರಿಸುವುದು ಅತಿ ಸುಲಭ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟ್‌ಗಳಿಗೆ ಅದನ್ನು ಕಡ್ಡಾಯ ಮಾಡಿದಾಗ ಬಹಳ ಜನಕ್ಕೆ ಅದು ಏನೆಂದೇ ಗೊತ್ತಿರಲಿಲ್ಲ. ಒಂದೇ ಟ್ಯಾಂಕಿನಿಂದ ಎರಡು ನಲ್ಲಿ, ಒಂದಕ್ಕೆ ಏರಿಯೇಟರ್, ಕೆಳಗೆ ಎರಡು ಬಕೆಟ್. ಎರಡರಲ್ಲೂ ಅರ್ಧ ನಿಮಿಷ ಕೈ ತೊಳೆಯಿರಿ ಅನ್ನುತ್ತೇವೆ. ಕೈ ಎರಡರಲ್ಲೂ ಶುಚಿಯಾಗುತ್ತದೆ, ಬಕೆಟ್ಟಿನ ನೀರು ಮಾತ್ರ ಒಂದೇ ಮಟ್ಟದಲ್ಲಿರುವುದಿಲ್ಲ.

ಎಲೆಗೊಬ್ಬರದ ಕಥೆ ಬೇರೆ. ಜನವರಿ ಕಳೆದ ಮೇಲೆ ಹೊಂಗೆ, ಮಳೆಮರದ ಎಲೆ ಉದುರಿ ಪಾರ್ಕು ತುಂಬುತ್ತದೆ. ಗುಡಿಸಿ ಬೆಂಕಿ ಹಚ್ಚುವ ಅಭ್ಯಾಸ ಎಷ್ಟೋ ಕಡೆ ಇನ್ನೂ ಹೋಗಿಲ್ಲ, ಆ ಹೊಗೆ ಕುಡಿಯುವವರು ಗುಡಿಸುವ ಪೌರಕಾರ್ಮಿಕರೇ. ತಂತಿ ಜಾಲರಿಯ ಎತ್ತರದ ತೊಟ್ಟಿ ನಿಲ್ಲಿಸಿ, ಎಲೆ ತುಂಬಿ, ಸಗಣಿ ನೀರು ಇಲ್ಲವೇ ಹುಳಿ ಮಜ್ಜಿಗೆ ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಕಪ್ಪು ಗೊಬ್ಬರ. ಪಕ್ಕದಲ್ಲಿ ಒಣ ಎಲೆಯ ಜೊತೆ ಮನೆಗಳ ಹಸಿ ಕಸ ಬೆರೆಸಿದ ರಾಶಿಯನ್ನೂ ಇಡುತ್ತೇವೆ. ‘ನಾಯಿ ಬರುತ್ತೆ, ವಾಸನೆ ಬರುತ್ತೆ’ ಅಂತ ದೂರದಿಂದಲೇ ಹೇಳುವವರಿಗಾಗಿ ನಮ್ಮ ಮಾಲಿ ಅಕ್ಕ ಒಂದು ಉಪಾಯ ಮಾಡಿದ್ದಾರೆ. ಹಿಂದಿನ ರಾತ್ರಿಯೇ ಉದ್ದನೆಯ ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿಟ್ಟಿರುತ್ತಾರೆ. ಬಂದವರ ಮುಂದೆ ಎಳೆದು, ‘ಮುಟ್ಟಿ ನೋಡಿ, ಹುಷಾರು’ ಅನ್ನುತ್ತಾರೆ. ಚೆನ್ನಾಗಿ ಕಾಯುತ್ತಿರುವ ರಾಶಿ ಒಳಗೆ 55–60 ಡಿಗ್ರಿ ಇರುತ್ತದೆ, ಸರಳನ್ನು ಹಿಡಿದ ಕೈ ತಟ್ಟನೆ ಹಿಂದೆ ಬರುತ್ತದೆ. ಆಮೇಲೆ ಮುಗಿದ ಗೊಬ್ಬರವನ್ನು ಅಂಗೈಗೆ ಹಾಕಿ ಮೂಸಿ ಅನ್ನುತ್ತಾರೆ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಅಷ್ಟಾದ ಮೇಲೆ ವಾಸನೆಯ ವಾದ ಮುಂದಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಆದರೂ ಗೊಬ್ಬರ ಮಾಡಲು ಮನೆಗೆ ಒಂದು ಮಡಿಕೆ ಒಯ್ದವರೆಲ್ಲ ಮುಂದುವರಿಸುವುದಿಲ್ಲ. ಹುಳು ಕಂಡ ಮೊದಲ ವಾರವೇ ಬಿಟ್ಟುಬಿಡುತ್ತಾರೆ. ತೇವ ಹೆಚ್ಚಾಗಿದೆ, ಇನ್ನೊಂದಿಷ್ಟು ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹಾಕಿ ಅಂತ ಹೇಳಲು ಆ ವಾರ ಒಬ್ಬರು ಸಿಗಬೇಕು. ಆದ್ದರಿಂದ ಪ್ರತಿ ಭಾನುವಾರ ಬೆಳಿಗ್ಗೆ ಅಕ್ಕ ತೊಟ್ಟಿಯ ಹತ್ತಿರ ಇರುತ್ತಾರೆ ಅಂತ ಗೇಟಿನಲ್ಲೇ ಬರೆದು ಹಾಕಿದ್ದೇವೆ, ಅದಕ್ಕೂ ಸಂಬಳ ಎತ್ತಿಡುತ್ತೇವೆ.

ಕಾಲ ನೋಡಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಮಳೆನೀರಿನದು ಮಾರ್ಚ್–ಏಪ್ರಿಲ್‌ನಲ್ಲಿ ಆಗಬೇಕು, ಆಗ ನೀರಿನ ಚಿಂತೆಯೂ ಇರುತ್ತದೆ, ಮೇ ತಿಂಗಳ ಗುಡುಗು ಮಳೆಗೆ ಮೊದಲು ಕೆಲಸ ಮುಗಿಸಲು ಸಮಯವೂ ಇರುತ್ತದೆ. ಆಮೇಲೆ ಸೆಪ್ಟೆಂಬರ್‌ನ ಜೋರು ಮಳೆಯಲ್ಲಿ ಅದೇ ಬಾವಿಯ ಹತ್ತಿರ ಜನರನ್ನು ಮತ್ತೆ ಕರೆಯಿರಿ. ಛತ್ರಿ ಹಿಡಿದು ಬಂದವರು ಕಡಿಮೆ ಇದ್ದರೂ ಚಿಂತೆಯಿಲ್ಲ, ನೀರು ಸುಳಿದು ಒಳಗೆ ಇಳಿಯುವುದನ್ನು ಫೋನಿನಲ್ಲಿ ಹಿಡಿದು ಅವರೇ ಬೀದಿಗೆಲ್ಲ ಹಂಚುತ್ತಾರೆ.

ಈಗ ಮುಂದಿನ ಕೆಲಸ ಶುರುವಾಗಿದೆ. ಬಳಸಿದ ನೀರನ್ನು ಶುದ್ಧ ಮಾಡಿ ಗಿಡಕ್ಕೆ, ಶೌಚಾಲಯಕ್ಕೆ ಬಳಸುವುದನ್ನು ತೋರಿಸಬೇಕು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ಆದರೆ ಅಂಥ ನೀರು ಕಣ್ಣೆದುರು ಹೇಗಿರುತ್ತದೆ ಅಂತ ಕಂಡವರು ನಮ್ಮ ಬೀದಿಯಲ್ಲಿ ಹೆಚ್ಚಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರು ತಮ್ಮ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರು ಕೊಡಲು ಒಪ್ಪಿದ್ದಾರೆ. ಪಾರದರ್ಶಕ ತೊಟ್ಟಿಗಳಲ್ಲಿ ಮೂರು ಹಂತದ ನೀರನ್ನು ಸಾಲಾಗಿ ಇಟ್ಟು, ಕೊನೆಯ ತೊಟ್ಟಿಯಿಂದ ಪಾರ್ಕಿನ ಒಂದು ಪಾತಿಗೆ, ಬೋರ್‌ವೆಲ್‌ನಿಂದ ಇನ್ನೊಂದು ಪಾತಿಗೆ ನೀರು ಬಿಡುವ ಯೋಚನೆ. ಎರಡು ಪಾತಿಗೂ ಒಂದೇ ದಿನ ಬದನೆ, ಚೆಂಡುಹೂವಿನ ಸಸಿ ಹಾಕುತ್ತೇವೆ. ಎಸ್‌ಟಿಪಿ ನಡೆಸುವ ಹುಡುಗ ಭಾನುವಾರ ಬೆಳಿಗ್ಗೆ ಬಂದು ನಿಲ್ಲುತ್ತೇನೆ ಅಂದಿದ್ದಾನೆ. ಪೈಪು ಎಲ್ಲಿಂದ ಎಳೆಯಬೇಕು ಅನ್ನುವುದಕ್ಕೆ ತೋಟಗಾರಿಕೆ ವಿಭಾಗಕ್ಕೆ ನಕ್ಷೆ ಕೊಟ್ಟು ಬಂದಿದ್ದೇವೆ.