ಎಂಜಿಬಿ ಎಂಜಿನ್ ಬಿಸಿಯೇರುತ್ತಿದ್ದದ್ದು: ದೋಷ ರೇಡಿಯೇಟರಿನದ್ದಲ್ಲ

ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ತಾಪಮಾನ ಮೀಟರಿನ ಮುಳ್ಳು ಮೇಲೇರಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಹೆದ್ದಾರಿಯ ವೇಗದಲ್ಲೂ ಏರಿದರೆ ನೀರಿನ ಹರಿವು ಅಥವಾ ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಸಮಯ) ನೋಡಬೇಕು. 1972ರ ಈ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದು ಎರಡನೆಯ ಕಾಟ. ಹೊಸ ರೇಡಿಯೇಟರ್ ಹಾಕಿದರೂ ಫಲವಿರಲಿಲ್ಲ.

ಎಂಜಿನ್ ಬ್ಲಾಕಿನ ಡ್ರೇನ್ ಪ್ಲಗ್ (ನೀರು ಹೊರಬಿಡುವ ಬಿರಡೆ) ಬಿಚ್ಚಿದರೆ ಒಂದು ಹನಿಯೂ ಬರಲಿಲ್ಲ. ಅಲ್ಲೇ ಗುಟ್ಟು ಗೊತ್ತಾಯಿತು. 1798 ಸಿಸಿ ಎಂಜಿನ್ನಿನ ಹಿಂಭಾಗದಲ್ಲಿ, ನಾಲ್ಕನೇ ಸಿಲಿಂಡರಿನ ಸುತ್ತ, ತುಕ್ಕಿನ ಕೆಸರು ಕಟ್ಟಿಕೊಂಡಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ತೂತಿನಿಂದ ಗಟ್ಟಿ ತಂತಿ ತೂರಿಸಿ ಕೆದಕಿ. ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತೆರೆದುಕೊಳ್ಳುವ ಕವಾಟ) ತೆಗೆದು, ಆ ಜಾಗದಿಂದ ಪೈಪಿನಲ್ಲಿ ನೀರು ಬಿಡಿ, ತೂತಿನಿಂದ ತಿಳಿನೀರು ಬರುವವರೆಗೆ. ರೇಡಿಯೇಟರಿನ ಎರಡೂ ಹೋಸ್ ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಕೆಸರು ಹೊಸ ರೇಡಿಯೇಟರಿಗೇ ಸೇರುತ್ತದೆ.

ಥರ್ಮೋಸ್ಟಾಟ್ ಇಲ್ಲದೆ ಓಡಿಸುವ ಸಲಹೆ ಬೇಡವೇ ಬೇಡ: ಬೆಳಗಿನ ಚಳಿಯಲ್ಲಿ ಎಂಜಿನ್ ಹದಕ್ಕೆ ಬರುವುದಿಲ್ಲ, ಮೂಲ ದೋಷವೂ ಹೋಗುವುದಿಲ್ಲ. 82 ಡಿಗ್ರಿಯದನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ, ಸುಮಾರು ಅಷ್ಟರಲ್ಲೇ ತೆರೆಯುತ್ತದೆಯೇ ಎಂದು ನೋಡಿ ಹಾಕಿ.

ರೇಡಿಯೇಟರ್ ಕ್ಯಾಪಿನ ರಬ್ಬರ್ ಒಡೆದಿದ್ದರೆ ಬದಲಿಸಿ. ಒಂದು ಪಿಎಸ್‌ಐ ಒತ್ತಡ ಹೋದರೆ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಇಳಿಯುತ್ತದೆ. ಹಾಗೆಂದು ಮ್ಯಾನುಯಲ್ ಹೇಳಿದ್ದಕ್ಕಿಂತ ಹೆಚ್ಚು ಒತ್ತಡದ ಕ್ಯಾಪ್ ಹಾಕಿದರೆ ಹಳೆಯ ಹೀಟರ್ ಸೋರಲು ಶುರುವಾಗುತ್ತದೆ.

ಕೂಲೆಂಟ್ ತುಂಬುವಾಗ ಹೀಟರ್ ವಾಲ್ವ್ ಪೂರ್ತಿ ತೆರೆದು, ಕಾರಿನ ಮುಂಭಾಗ ಎತ್ತಿ ನಿಲ್ಲಿಸಿ. ಒಳಗೆ ಗಾಳಿ ಸಿಕ್ಕಿಕೊಂಡರೆ ಮುಳ್ಳು ಮತ್ತೆ ಕುಣಿಯುತ್ತದೆ. ರೇಡಿಯೇಟರ್ ಅಂಚಿನ ಸಂದುಗಳಿಗೆ ಫೋಮ್ ಪಟ್ಟಿ ಅಂಟಿಸಿ, ಗಾಳಿ ಪಕ್ಕದಿಂದ ನುಸುಳದಿರಲಿ.