ಲಂಪಿ ಬಂದಾಗ ನೊಣದ ಬೆನ್ನು ಹತ್ತಿದೆ

2022ರಲ್ಲಿ ರಾಜಸ್ಥಾನ, ಗುಜರಾತಿನ ದನಗಳ ಸಾವು ಟಿವಿಯಲ್ಲಿ ನೋಡಿದ್ದೆವು. ಆಮೇಲೆ ನಮ್ಮ ಹಾವೇರಿ ಜಿಲ್ಲೆಗೂ ಚರ್ಮಗಂಟು ರೋಗ ಬಂದೇಬಿಟ್ಟಿತು. ಲಂಪಿ ಅಂದರೆ ಸಾಕು, ಈಗ ಎಲ್ಲರಿಗೂ ಗೊತ್ತು.

ನಮ್ಮ ಮಿಶ್ರತಳಿ ಹಸು ಒಂದು ಸಂಜೆ ಹಿಂಡಿ ಮುಟ್ಟಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಮೈ ಕೆಂಡ. ಹೆಗಲ ಮುಂದೆ ಕೈಯಾಡಿಸಿದರೆ ಚರ್ಮದ ಒಳಗೆ ಗಡ್ಡೆ ಸಿಕ್ಕಿತು. ಚರ್ಮದ ಮೇಲೆ ಇನ್ನೂ ಏನೂ ಎದ್ದಿರಲಿಲ್ಲ. ಆದರೂ ರಾತ್ರಿಯೇ ಅದನ್ನು ಬಿಡಿಸಿ, ಹಿತ್ತಲಿನ ಶೆಡ್ಡಿನಲ್ಲಿ ಕಟ್ಟಿ ಸೊಳ್ಳೆ ಪರದೆ ಹಾಕಿದೆ. ಬೆಳಗಾದ ಮೇಲೆ ಕುತ್ತಿಗೆ, ಕೆಚ್ಚಲ ತುಂಬ ಗಂಟು.

ಈ ರೋಗವನ್ನು ಜಾಸ್ತಿ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣಿ. ಹಾಗಾಗಿ ದನ ಬೇರೆ ಕಟ್ಟಿ ಸುಮ್ನೆ ಕೂತರೆ ಆಗುವುದಿಲ್ಲ. ತಿಪ್ಪೆಯನ್ನು ದೂರ ಹಾಕಿದೆ. ಗಂಜಲ ನಿಲ್ಲುವ ಕುಳಿ ಮುಚ್ಚಿದೆ. ಸಂಜೆ ಬೇವಿನ ಸೊಪ್ಪಿನ ಹೊಗೆ, ಮೈಗೆ ಬೇವಿನ ಎಣ್ಣೆ. ಉಳಿದ ದನಗಳ ಕೆಲಸ ಮುಗಿಸಿದ ಮೇಲೆಯೇ ಇದರ ಹತ್ತಿರ ಹೋಗುತ್ತಿದ್ದೆ. ಹಗ್ಗ, ಬಕೆಟ್ಟು ಬೇರೆ. ಡಾಕ್ಟರು ಬಂದರೆ ದನಕ್ಕೊಂದು ಹೊಸ ಸೂಜಿ ಅಂತ ಕೇಳಿಯೇ ಹಾಕಿಸಿದೆ. ಕೇಳಲು ಸಂಕೋಚ ಯಾಕೆ, ದನ ನಮ್ಮದಲ್ವಾ?

ವೈರಸ್ಸಿಗೇ ಅಂತ ಔಷಧಿ ಇಲ್ಲ. ಡಾಕ್ಟರು ಜ್ವರಕ್ಕೆ, ಗಾಯ ಕೀವಾಗದಿರಲು ಇಂಜೆಕ್ಷನ್ ಕೊಟ್ಟರು. ಉಳಿದದ್ದು ಆರೈಕೆ. ಬಾಯಲ್ಲಿ ಹುಣ್ಣಿದ್ದ ಹಸುವಿಗೆ ಒಣ ಮೇವು ನುಂಗಲಾಗದು. ಎಳೆ ಹುಲ್ಲು ಸಣ್ಣಗೆ ಕತ್ತರಿಸಿ, ಬೆಲ್ಲ ಕಲಸಿದ ರಾಗಿ ಗಂಜಿ ಜೊತೆ ಕೈಯಲ್ಲೇ ತಿನ್ನಿಸಿದೆವು. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಅರೆದು ನಾಲಿಗೆಗೆ ಸವರಿದೆವು. ಗಂಟು ಒಡೆದ ಕಡೆ ದಿನಾ ತೊಳೆದು, ಅರಿಶಿಣ, ಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಉದುರಿದ ಹಕ್ಕಳೆಯಲ್ಲಿ ವೈರಸ್ ಒಂದು ತಿಂಗಳು ಬದುಕಿರಬಲ್ಲದು. ಹಾಗಾಗಿ ಅದನ್ನು ಗುಡಿಸಿ ಸುಟ್ಟೆ.

ಗಟ್ಟಿಯಿದ್ದ ದನಗಳಿಗೆ ಆಡಿನ ಸಿಡುಬಿನ ಲಸಿಕೆ ಹಾಕಿಸಿದೆವು. ಎರಡೂ ವೈರಸ್ ಒಂದೇ ಕುಲದವು, ಅದಕ್ಕೇ ಅದು ಕೆಲಸ ಮಾಡುತ್ತದೆ. ಆದರೆ ಲಸಿಕೆ ಹಿಡಿಯಲು ಸುಮಾರು ಮೂರು ವಾರ ಬೇಕು. ಊರಿಗೆ ರೋಗ ಬಂದ ಮೇಲೆ ಓಡಾಡಿದರೆ ತಡವಾಯಿತು ಅಂತಲೇ ಲೆಕ್ಕ. ಆ ವರ್ಷ ಜಾನುವಾರು ಸಂತೆ ನಿಲ್ಲಿಸಿದ್ದಕ್ಕೆ ಬೈದವರು ಬಹಳ. ನನಗೆ ಅದು ಸರಿಯೆಂದೇ ಅನಿಸಿತು. ನೊಣ ತಾನಾಗಿ ಅಷ್ಟು ದೂರ ಹಾರದು, ರೋಗವನ್ನು ಜಿಲ್ಲೆ ದಾಟಿಸುವುದು ಲಾರಿಯಲ್ಲಿ ಹೋಗುವ ದನ.

ಹಸು ಉಳಿಯಿತು. ಹಾಲು ಮಾತ್ರ ಮೊದಲಿನಷ್ಟು ಬರಲಿಲ್ಲ. ಈಗ ಮಳೆಗಾಲಕ್ಕೆ ಮುಂಚೆಯೇ ಲಸಿಕೆ ಹಾಕಿಸುತ್ತೇನೆ. ಹೊಸ ದನ ತಂದರೆ 28 ದಿನ ಬೇರೆ ಕಟ್ಟುತ್ತೇನೆ.