ಶ್ರೀಖಂಡದ ಡಬ್ಬಿಯಲ್ಲಿ ಸುಟ್ಟ ಬೇರಿಂಗ್

ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ನನ್ನದೊಂದು ಸಣ್ಣ ಅಡತಿ ಅಂಗಡಿ. ಗಲ್ಲಾದ ಕೆಳಗಿನ ಖಾನೆಯಲ್ಲಿ ಒಂದು ಶ್ರೀಖಂಡದ ಡಬ್ಬಿ ಇದೆ. ತಿನ್ನೋದು ಏನೋ ಇರಬೇಕು ಅಂತ ಎಷ್ಟೋ ಜನ ಮುಚ್ಚಳ ತೆಗೆದು ನೋಡಿದ್ದಾರೆ. ಒಳಗಿರುವುದು ನೀಲಿಗಟ್ಟಿದ ಒಂದು ಬೇರಿಂಗ್, ನಾಲ್ಕೈದು ಮುರಿದ ತಗಡಿನ ಚೂರು, ಮತ್ತೆ ಟಾರಿನ ಹಾಗೆ ಗಟ್ಟಿಯಾದ ಒಂದು ಚಮಚ ಗ್ರೀಸ್. ಈ ಡಬ್ಬಿ ಇರದಿದ್ದರೆ ನನ್ನ ವಾರಂಟಿ ಜಗಳ ಎರಡೇ ಫೋನಿಗೆ ಮುಗಿದುಹೋಗುತ್ತಿತ್ತು.

ನನಗೆ ತಿರುಗಾಟದ ಹುಚ್ಚು. ಹೋದ ವರ್ಷ ಒಂದು ಸಣ್ಣ ಕ್ಯಾರವಾನ್ ಟ್ರೇಲರ್ ತಗೊಂಡೆ. ಒಳಗೆ ಇಬ್ಬರು ಮಲಗಬಹುದು. ಹಿಂದಿನ ಬಾಗಿಲು ಮೇಲೆತ್ತಿದರೆ ಅಡುಗೆ ಕಟ್ಟೆ, ಪಕ್ಕದಲ್ಲಿ ಬ್ಯಾಟರಿ ಮೇಲೆ ನಡೆಯುವ ಪುಟ್ಟ ಫ್ರಿಜ್. ಬೇರೆ ರಾಜ್ಯದ ಕಂಪನಿ, ಹೆಸರು ಇಲ್ಲಿ ಬೇಡ. ಬೆಲೆ 6 ಲಕ್ಷ 40 ಸಾವಿರ. ಅಲ್ಲಿಂದ ಲಾರಿ ಮೇಲೆ ಬಂತು. ನಮ್ಮ ಆರ್‌ಟಿಒದಲ್ಲಿ ಕೆಎ-32 ನಂಬರ್ ಬಿದ್ದ ದಿನ ಗಂಜ್‌ನವರೆಲ್ಲ ಬಂದು ನೋಡಿ ಹೋದರು. ಅವರು ಅದಕ್ಕೆ ಇಟ್ಟ ಹೆಸರು 'ಟ್ರ್ಯಾಲಿ ಮನಿ'.

ಜುಲೈ ಕೊನೆಯಲ್ಲಿ ನಮ್ಮ ಗಂಜ್‌ನಲ್ಲಿ ಕೆಲಸ ಕಡಿಮೆ. ತೊಗರಿ ಬಿತ್ತಿ ಆಗಿರುತ್ತದೆ, ಹೆಸರುಕಾಳು ಇನ್ನೂ ಬಂದಿರುವುದಿಲ್ಲ. ಬೀದರಿಗೆ ಹೋಗಿ ಮೂರು ದಿನ ಇದ್ದು ಬರೋಣ ಅಂತ ನಾನು, ನನ್ನ ಹೆಂಡತಿ ಹೊರಟೆವು. ಕೋಟೆ ನೋಡುವುದು, ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡುವುದು, ಅಷ್ಟೇ ಪ್ಲಾನ್. ಸಾಮಾನು ತುಂಬಿದ ಮೇಲೆ ಹಿಂದಿನ ದಿನ ಸಂಜೆ ಟ್ರೇಲರ್ ಅನ್ನು ಒಂದು ದಾಲ್ ಮಿಲ್ಲಿನ ಕಾಟಾ ಮೇಲೆ ಹತ್ತಿಸಿದೆ. ಇದರಲ್ಲಿ ಜಾಣತನ ಏನಿಲ್ಲ. ನಮ್ಮದು ತೂಗುವ ಕಸುಬು, ತೂಗದೆ ಏನೂ ಹೊರಗೆ ಕಳಿಸಿ ರೂಢಿಯಿಲ್ಲ. ಕಾಟಾದ ಹುಡುಗ ನಕ್ಕ. "ಕಾಕಾ, ತೊಗರಿ ಇಲ್ದ ಗಾಡಿ ತೂಗ್ಸಲತ್ತೀರಲ್ಲ?" 890 ಕಿಲೋ ಬಂತು. ಕಂಪನಿ ಕೊಟ್ಟ ಮಿತಿ 1,100 ಕಿಲೋ. ಚೀಟಿಯನ್ನು ಗಾಡಿಯ ಕಾಗದಗಳ ಜೊತೆ ತುರುಕಿದೆ, ಮರೆತೆ.

ಕಮಲಾಪುರದಲ್ಲಿ ನಿಲ್ಲಿಸಿ ಕೆಂಪು ಬಾಳೆಹಣ್ಣು ತಗೊಂಡೆವು. ಅಲ್ಲೇ ನಾನು ತಪ್ಪಿದ್ದು. ಎಡಗಡೆ ಗಾಲಿಯ ರಿಮ್ ಮೇಲೆ ಕರೀ ಎಣ್ಣೆ ಚಿಮ್ಮಿದ ಹಾಗೆ ಗೆರೆಗಳಿದ್ದವು. ನೋಡಿದೆ. ಮಳೆಗಾಲದ ರಸ್ತೆ, ಕೆಸರು ಇರಬೇಕು ಅಂದುಕೊಂಡೆ. ಹಣ್ಣು ಹಿಡಿದುಕೊಂಡು ಗಾಡಿ ಹತ್ತಿದೆ.

ಹುಮನಾಬಾದ್ ಕಡೆ ಇನ್ನೊಂದು ಎಂಟು ಹತ್ತು ಕಿಲೋಮೀಟರ್ ಹೋಗಿರಬೇಕು. "ಏನ್ರೀ, ಸುಟ್ಟ ವಾಸನಿ ಬರ್ಲಾಕತ್ತದ" ಅಂದಳು ನನ್ನ ಹೆಂಡತಿ. ಕನ್ನಡಿಯಲ್ಲಿ ನೋಡಿದರೆ ಟ್ರೇಲರಿನ ಎಡ ಗಾಲಿ ಕುಡಿದವರ ಹಾಗೆ ಓಲಾಡುತ್ತಿದೆ. ನಿಧಾನಕ್ಕೆ ಬದಿಗೆ ತಂದೆ. ಹತ್ತಿರ ಹೋದರೆ ಗಾಲಿಯ ನಡುವಿನ ಹಬ್‌ನಿಂದ ಸಣ್ಣಗೆ ಹೊಗೆ. ಮೇಲೆ ಮಳೆ ಹನಿ ಬಿದ್ದಾಗಲೆಲ್ಲ ಚುಂಯ್ ಅನ್ನುತ್ತಿತ್ತು.

ವಾರಂಟಿ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲಿತ್ತು. ಕಂಪನಿ ಒಪ್ಪಿದ ಕಡೆ ಬಿಟ್ಟು ಬೇರೆಲ್ಲಾದರೂ ಬಿಚ್ಚಿಸಿದರೆ ವಾರಂಟಿ ಇಲ್ಲ. ಅದಕ್ಕೇ ಮೊದಲು ಅವರಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಹಾಡು ಕೇಳಿಸಿದರು. ಆಮೇಲೆ ಒಬ್ಬ ಹುಡುಗ, ಪಾಪ ಮರ್ಯಾದೆಯಿಂದಲೇ, ಗಾಡಿಯನ್ನು ಮುಟ್ಟಬೇಡಿ, ನಾಲ್ಕೈದು ದಿನದಲ್ಲಿ ನಮ್ಮ ಟೀಮ್ ಬರುತ್ತದೆ ಅಂದ. ಇಲ್ಲವಾದರೆ ಹೈದರಾಬಾದಿನ ನಮ್ಮ ಡೀಲರ್ ಹತ್ತಿರ ನೀವೇ ಮುಟ್ಟಿಸಿ ಅಂದ. ಹೈದರಾಬಾದ್ ಅಲ್ಲಿಂದ ನೂರೈವತ್ತು ಕಿಲೋಮೀಟರಿಗಿಂತ ಮೇಲೆ. ಗಾಲಿ ಇಲ್ಲದ ಗಾಡಿ ಮುಟ್ಟಿಸುವುದು ಹೇಗೆ? ಕಾರಿನ ಇನ್ಶೂರೆನ್ಸ್‌ನವರಿಗೆ ಮಾಡಿದರೆ, ನಮ್ಮ ಸಹಾಯ ಸ್ಕಾರ್ಪಿಯೋಕ್ಕೆ ಮಾತ್ರ, ಹಿಂದೆ ಕಟ್ಟಿದ್ದಕ್ಕಿಲ್ಲ ಅಂದರು. ಪಾಲಿಸಿ ಮಾಡಿಸುವಾಗ ಇದನ್ನು ನಾನು ಕೇಳಿರಲೇ ಇಲ್ಲ.

ಹೈವೇ ಬದಿಯಲ್ಲಿ ನಾಲ್ಕು ದಿನ ಕೂಡುವುದು ಆಗದ ಮಾತು. ಬಿಚ್ಚಿಸುವುದು ಅಂತ ತೀರ್ಮಾನ ಮಾಡಿದೆ. ಆದರೆ ಸುಮ್ನೆ ಬಿಚ್ಚಿಸಲಿಲ್ಲ. ಮೊದಲು ಕಂಪನಿಗೆ ಒಂದು ಇಮೇಲ್ ಬರೆದೆ. ಇಂಥ ಜಾಗದಲ್ಲಿ, ಇಷ್ಟು ಹೊತ್ತಿಗೆ ನಿಂತಿದ್ದೇವೆ, ಗಾಡಿ ಓಡಿದ್ದು ಒಟ್ಟು 700 ಕಿಲೋಮೀಟರಿಗಿಂತ ಕಡಿಮೆ, ಎರಡು ತಾಸಿನಲ್ಲಿ ನಿಮ್ಮ ಕಡೆಯಿಂದ ಜನ ಬರದಿದ್ದರೆ ಇಲ್ಲೇ ರಿಪೇರಿ ಮಾಡಿಸುತ್ತೇನೆ, ತೆಗೆದ ಭಾಗಗಳನ್ನು ಜೋಪಾನ ಇಡುತ್ತೇನೆ ಅಂತ. ಫೋಟೋ ಹಾಕಿದೆ. ತಕ್ಷಣ ಮಶೀನಿನ ಉತ್ತರ ಬಂತು, ನಿಮ್ಮ ದೂರು ದಾಖಲಾಗಿದೆ, 48 ಗಂಟೆಯಲ್ಲಿ ಸಂಪರ್ಕಿಸುತ್ತೇವೆ ಅಂತ. ಆ ಮಶೀನಿನ ಉತ್ತರವೇ ಆಮೇಲೆ ನನ್ನ ಕೈ ಹಿಡಿಯಿತು. ಅದರಲ್ಲಿ ತಾರೀಖು, ಹೊತ್ತು ಎರಡೂ ಇತ್ತು.

ಎರಡು ತಾಸು ಕಾದೆವು. ಬಾಳೆಹಣ್ಣು ಮುಗಿದವು.

ಬೈಕಿನ ಮೇಲೆ ಹೋಗುತ್ತಿದ್ದ ಒಬ್ಬ ಹುಡುಗ ನಿಂತು, ಹುಮನಾಬಾದಿನಿಂದ ಟ್ರ್ಯಾಕ್ಟರ್ ಟ್ರ್ಯಾಲಿ ರಿಪೇರಿ ಮಾಡುವ ಒಬ್ಬರನ್ನು ಕರೆಸಿದ. ಬಂದವರು ಅರವತ್ತು ದಾಟಿದ ಉಸ್ತಾದ್, ಜೊತೆಗೆ ಒಬ್ಬ ಚೇಲಾ. ಆ ಭಾಗದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬಿನ ಸೀಸನ್‌ನಲ್ಲಿ ಅವರು ದಿನಕ್ಕೆ ನಾಲ್ಕು ಹಬ್ ಬಿಚ್ಚುತ್ತಾರಂತೆ. ಟ್ರೇಲರ್ ಗಾಲಿಯ ವಿಷಯದಲ್ಲಿ ಅವರಿಗೆ ಗೊತ್ತಿದ್ದಷ್ಟು ಆ ಕಸ್ಟಮರ್ ಕೇರ್ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಮೊದಲ ತೊಡಕು ಜಾಕ್. ರಸ್ತೆ ಬದಿ ಪೂರ್ತಿ ಎರೆ ಮಣ್ಣು, ಮಳೆಗೆ ನೆನೆದು ಬೆಣ್ಣೆಯಾಗಿತ್ತು. ಜಾಕ್ ಏರಿಸಿದಷ್ಟೂ ಅದೇ ಕೆಳಗೆ ಇಳಿಯುತ್ತಿತ್ತು, ಗಾಡಿ ಇದ್ದಲ್ಲೇ. ಚೇಲಾ ಹೋಗಿ ಎಲ್ಲಿಂದಲೋ ಒಂದು ಶಹಾಬಾದ್ ಫರ್ಸಿ ಕಲ್ಲು ಹೊತ್ತು ತಂದ. ಅದನ್ನು ಕೆಳಗೆ ಹಾಸಿ ಜಾಕ್ ಇಟ್ಟ ಮೇಲೆ ಗಾಡಿ ಎದ್ದಿತು. ಈಗ ನನ್ನ ಸ್ಕಾರ್ಪಿಯೋದಲ್ಲಿ ಒಂದು ಫರ್ಸಿ ತುಂಡು ಯಾವಾಗಲೂ ಇರುತ್ತದೆ. ಟ್ರೇಲರ್ ಅನ್ನು ಕಾರಿನಿಂದ ಕಳಚಲು ನಾನು ಹೋಗಿದ್ದೆ. "ಹಂಗ ಮಾಡಬ್ಯಾಡ್ರಿ ಸರ, ಕಟ್ಟಿದ್ದು ಕಟ್ಟಿದ್ದಂಗೇ ಇರ್ಲಿ" ಅಂತ ಉಸ್ತಾದ್ ತಡೆದರು. ಕಾರಿಗೆ ಕಟ್ಟಿದ್ದರೆ, ಕಾರಿನ ಹ್ಯಾಂಡ್‌ಬ್ರೇಕ್ ಎಳೆದಿದ್ದರೆ, ಆ ಇನ್ನೊಂದು ಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟಿದ್ದರೆ ಗಾಡಿ ಜಾಕ್ ಮೇಲಿಂದ ಜಾರುವುದಿಲ್ಲ.

ಹಬ್‌ನ ಟೋಪಿ ತೆಗೆಯುವ ಮೊದಲೇ ನನ್ನ ಹೆಂಡತಿ ಮೊಬೈಲ್‌ನಲ್ಲಿ ವಿಡಿಯೋ ಶುರು ಮಾಡಿದಳು. ಒಳಗೆ ಗ್ರೀಸ್ ಇರಬೇಕಾದ ಕಡೆ ಸುಟ್ಟ ಹಾಲಿನ ತಳದ ಹಾಗೆ ಕರಕು. ಬೇರಿಂಗ್‌ನ ರೋಲರ್‌ಗಳನ್ನು ಹಿಡಿದಿಡುವ ತಗಡಿನ ಕೇಜ್ ಚೂರುಚೂರು. ಉಕ್ಕಿನ ಮೇಲೆ ನವಿಲಿನ ಕುತ್ತಿಗೆಯಂಥ ನೀಲಿ. "ನೋಡ್ರಿ, ಪೂರಾ ನೀಲಿ ಆಗ್ಯದ. ಉಕ್ಕು ಹಿಂಗ ಆಗ್ಬೇಕಂದ್ರ ಭಾಳ ಕಾದಿರ್ಬೇಕು" ಅಂದರು ಉಸ್ತಾದ್. ಆಮೇಲೆ ತಾವಾಗಿಯೇ ಹೇಳಿದರು, "ಆ ಕಡಿ ಗಾಲಿನೂ ನೋಡೋಣು."

ಬಲಗಡೆಯದು ಹೊರಗಿನಿಂದ ಚೆನ್ನಾಗೇ ಇತ್ತು. ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಬೇರಿಂಗ್ ಸರಿಯಿದ್ದರೆ ಗಾಲಿ ಹಗುರವಾಗಿ ನಾಲ್ಕಾರು ಸುತ್ತು ತಿರುಗಬೇಕು. ಟೋಪಿ ತೆಗೆದು ಪಿನ್ ಎಳೆದು ನಟ್‌ಗೆ ಪಾನಾ ಹಾಕಿದರೆ, ಉಸ್ತಾದ್ ಎರಡೂ ಕೈ ಹಾಕಿ ಮೈಭಾರ ಬಿಡಬೇಕಾಯಿತು. "ಇದನ್ನ ಯಾರ್ ಟೈಟ್ ಮಾಡ್ಯಾರ?" ಅಂದರು. ಯಾರೂ ಮುಟ್ಟಿಲ್ಲ, ಫ್ಯಾಕ್ಟರಿಯಿಂದ ಬಂದದ್ದು ಹಾಗೇ ಇದೆ ಅಂದೆ. ಅವರು ಏನೂ ಅನ್ನಲಿಲ್ಲ, ಚೇಲಾನ ಕಡೆ ನೋಡಿ ನಕ್ಕರು.

ಹೀಗಂದರೆ ಏನು ಅಂತ ನನಗೆ ಅವತ್ತೇ ತಿಳಿದದ್ದು. ಟ್ರೇಲರ್ ಗಾಲಿಯಲ್ಲಿ ಒಳಗೊಂದು ಹೊರಗೊಂದು ಟೇಪರ್ ಬೇರಿಂಗ್ ಇರುತ್ತದೆ. ಮಧ್ಯದ ನಟ್ ಎರಡನ್ನೂ ಒತ್ತಿ ಹಿಡಿಯುತ್ತದೆ. ಸಡಿಲ ಬಿಟ್ಟರೆ ಗಾಲಿ ಓಲಾಡುತ್ತದೆ. ಬಿಗಿ ಜಾಸ್ತಿಯಾದರೆ ರೋಲರ್‌ಗಳು ಉಜ್ಜಿ ಕಾಯುತ್ತವೆ, ಗ್ರೀಸ್ ಕರಗಿ ಸೀಲ್ ದಾಟಿ ಹೊರಗೆ ಬರುತ್ತದೆ. ಕಮಲಾಪುರದಲ್ಲಿ ನಾನು ಕೆಸರು ಅಂದುಕೊಂಡಿದ್ದು ಇದನ್ನೇ. ಗ್ರೀಸ್ ಹೋದ ಮೇಲೆ ಉಕ್ಕಿಗೆ ಉಕ್ಕು ತಿಕ್ಕುತ್ತದೆ, ಇನ್ನೇನು ಉಳಿಯುತ್ತದೆ? ಉಸ್ತಾದ್ ಹೊಸದನ್ನು ಕೂಡಿಸಿದ ರೀತಿ ಹೀಗಿತ್ತು. ಗಾಲಿಯನ್ನು ಒಂದು ಕೈಯಿಂದ ತಿರುಗಿಸುತ್ತಲೇ ನಟ್ ಬಿಗಿ ಮಾಡಿದರು. ಬೇರಿಂಗ್ ಕೂತಿತು ಅನ್ನಿಸಿದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಟ್ಟರು. ಗಾಲಿಯ ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡಿದರು. ಆಮೇಲೆ ಪಿನ್ ಹಾಕಿ ಮಡಚಿದರು. ಹಳೇ ಪಿನ್ ಮತ್ತೆ ಹಾಕಲಿಲ್ಲ, ಎಸೆದರು. ನಾನು ಅದನ್ನೂ ಹೆಕ್ಕಿ ಇಟ್ಟುಕೊಂಡೆ.

ಬೇರಿಂಗ್ ಸಿಗುತ್ತದೋ ಇಲ್ಲವೋ ಅನ್ನುವ ಭಯ ನನಗಿತ್ತು. ಅದು ಸುಳ್ಳು ಭಯ. ಬೇರಿಂಗ್‌ಗೆ ನಂಬರ್ ಇರುತ್ತದೆ, ಆ ನಂಬರಿನ ಮಾಲು ಯಾವ ಬೇರಿಂಗ್ ಅಂಗಡಿಯಲ್ಲಾದರೂ ಅದೇ ಅಳತೆ. ಚೇಲಾ ಹುಮನಾಬಾದಿಗೆ ಹೋಗಿ ಎರಡೂ ಗಾಲಿಗೆ ಬೇರಿಂಗ್, ಸೀಲ್, ಗ್ರೀಸ್ ಎಲ್ಲ ತಂದ, ಬರುವಾಗ ಬಿಸಿ ಮಿರ್ಚಿ ಭಜಿ ಮತ್ತು ಸುಸಲಾ ಕೂಡ. ಜಾಸ್ತಿ ಹೊತ್ತು ಹಿಡಿದದ್ದು ಆಕ್ಸಲ್‌ಗೆ ಅಂಟಿಕೊಂಡಿದ್ದ ಹಳೇ ಬೇರಿಂಗಿನ ಬಳೆ ಬಿಡಿಸಲು. ಗ್ರೈಂಡರ್ ಹಚ್ಚಿ, ಆಕ್ಸಲ್‌ಗೆ ತಾಗದ ಹಾಗೆ ಕೊಯ್ದು, ಉಳಿಯಿಂದ ಒಂದೇ ಏಟು. ಒಟ್ಟು ಖರ್ಚು 4,300 ರೂಪಾಯಿ. ಅಂಗಡಿಯದು ನಂಬರ್ ಸಮೇತ ಪಕ್ಕಾ ಬಿಲ್. ಉಸ್ತಾದರ ಹತ್ತಿರ ಬಿಲ್ ಪುಸ್ತಕ ಇರಲಿಲ್ಲ. ಒಂದು ಹಾಳೆಯಲ್ಲಿ ಬರೆಸಿಕೊಂಡೆ. ಎರಡೂ ಗಾಲಿಯ ನಟ್ ಅತಿ ಬಿಗಿ ಇತ್ತು, ಎಡಗಡೆ ಗ್ರೀಸ್ ಸುಟ್ಟಿತ್ತು, ಇಷ್ಟು ಮಜೂರಿ ತಗೊಂಡೆ ಅಂತ. ಕೆಳಗೆ ಸಹಿ, ತಾರೀಖು. ಸಂಜೆ ಆರಕ್ಕೆ ಹೊರಟೆವು. ರಾತ್ರಿ ಬೀದರ್ ಮುಟ್ಟಿದೆವು.

ನಿಜವಾದ ಗೋಳು ಊರಿಗೆ ಬಂದ ಮೇಲೆ. ಟ್ರೇಲರ್ ಅನ್ನುವುದು ಒಂದೇ ಗಾಡಿಯ ಹಾಗೆ ಕಾಣುತ್ತದೆ, ಆದರೆ ವಾರಂಟಿ ಹೊತ್ತಿಗೆ ಅದಕ್ಕೆ ಐದಾರು ಜನ ಅಪ್ಪಂದಿರು. ಡಬ್ಬಾ ಮಾತ್ರ ನಮ್ಮದು ಅಂದಿತು ಕಂಪನಿ. ಆಕ್ಸಲ್ ಬೇರೆಯವರದು, ಅವರನ್ನು ಕೇಳಿ. ಆಕ್ಸಲ್‌ನವರು, ನಾವು ಮಾರಿದ್ದು ಕಂಪನಿಗೆ, ನಿಮ್ಮ ಹೆಸರಲ್ಲಿ ನಮ್ಮ ಬಿಲ್ ಎಲ್ಲಿದೆ ಅಂದರು. ನಾನು ದುಡ್ಡು ಕೊಟ್ಟದ್ದು ಕಂಪನಿಗೆ, ಬಿಲ್ಲಿನಲ್ಲಿ ಪೂರ್ತಿ ಗಾಡಿ ಅಂತಲೇ ಬರೆದಿದೆ. ಹಾಗಾಗಿ ಆಕ್ಸಲ್‌ನವರ ಹಿಂದೆ ಅಲೆಯುವುದನ್ನು ಬಿಟ್ಟು ಮಾರಿದವರನ್ನೇ ಹಿಡಿದುಕೊಂಡೆ. ತೊಗರಿಯಲ್ಲಿ ಕಲ್ಲು ಬಂದರೆ ಖರೀದಿದಾರ ನನ್ನನ್ನೇ ಕೇಳುತ್ತಾನೆ, ಬೆಳೆದ ರೈತನನ್ನು ಹುಡುಕಿಕೊಂಡು ಹೋಗುವುದಿಲ್ಲ ಅಲ್ವಾ?

ಮುಂದಿನ ನೆಪ ಇನ್ನೂ ಚೆನ್ನಾಗಿತ್ತು. ನೀವು ಮಿತಿ ಮೀರಿ ಸಾಮಾನು ತುಂಬಿದ್ದೀರಿ, ಅದಕ್ಕೇ ಬೇರಿಂಗ್ ಹೋಯಿತು. ಆಗ ಕಾಟಾ ಚೀಟಿ ನೆನಪಾಯಿತು. ಹೊರಡುವ ಹಿಂದಿನ ಸಂಜೆಯ ತಾರೀಖು, ಟ್ರೇಲರ್ ನಂಬರ್, 890 ಕಿಲೋ. ಕಳಿಸಿದೆ. ಹತ್ತು ದಿನ ಸದ್ದಿಲ್ಲ. ಆಮೇಲೆ, ಬೇರಿಂಗ್ ಸವೆಯುವ ಭಾಗ, ವಾರಂಟಿಗೆ ಬರುವುದಿಲ್ಲ ಅಂತ ಬಂತು. ನಾನು ಕೇಳಿದ್ದು ಬೇರಿಂಗಿನ ದುಡ್ಡಲ್ಲ, ಅದನ್ನು ಕೂಡಿಸಿದ ರೀತಿಯ ತಪ್ಪು. ಒಂದು ಗಾಲಿ ಹೋದರೆ ದುರದೃಷ್ಟ ಅನ್ನಬಹುದು. ಎರಡೂ ಗಾಲಿಯ ನಟ್ ಒಂದೇ ಥರ ಬಿಗಿಯಿದ್ದರೆ ಅದು ಕೂಡಿಸಿದವನ ಕೈ. ಬಲಗಡೆ ಗಾಲಿಯ ವಿಡಿಯೋ ಕಳಿಸಿದೆ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಅವರು ಕೋರ್ಟ್ ಅಲ್ಲ, ಆದೇಶ ಕೊಡಲು ಬರುವುದಿಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ ಅಷ್ಟೇ. ಆದರೆ ನನಗೆ ಅಲ್ಲಿಯವರೆಗೆ ಉತ್ತರ ಕೊಡುತ್ತಿದ್ದ ಹುಡುಗನ ಬದಲು ಮ್ಯಾನೇಜರ್ ಒಬ್ಬರು ಫೋನ್ ಮಾಡಿದ್ದು ಅದಾದ ಮೇಲೆಯೇ. 'ನಮ್ಮ ಊರಿನ ಕೋರ್ಟ್‌ನಲ್ಲೇ ಕೇಸ್' ಅಂತ ಬಿಲ್ ಹಿಂದೆ ಸಣ್ಣಕ್ಷರದಲ್ಲಿ ಇರುವುದನ್ನು ಅವರು ನೆನಪಿಸಿದರು. ಗಂಜ್‌ನ ವಕೀಲರೊಬ್ಬರನ್ನು ಕೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸವಿರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮೊದಲಿನ 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ನನ್ನದು ಅದಕ್ಕಿಂತ ಮೇಲೆ, 10 ಲಕ್ಷದ ಒಳಗೆ. ಶುಲ್ಕ 200 ರೂಪಾಯಿ. ಎರಡು ವರ್ಷದ ಒಳಗೆ ದೂರು ಕೊಡಬೇಕು. ಆನ್‌ಲೈನ್‌ನಲ್ಲಿ ಸರ್ಕಾರದ ಇ-ಜಾಗೃತಿ ಪೋರ್ಟಲ್ ಮೂಲಕವೂ ಹಾಕಬಹುದು. ವಕೀಲರು ಒಂದೂವರೆ ಪುಟದ ನೋಟಿಸ್ ಬರೆದರು. ಅಂಚೆಯಲ್ಲಿ ರಿಜಿಸ್ಟರ್ ಮಾಡಿಸಿ ಕಳಿಸಿದೆ.

ನೋಟಿಸ್ ಮುಟ್ಟಿದ ಮೂರನೇ ವಾರ ಕಂಪನಿ ಇಳಿಯಿತು. ಹಳೇ ಬೇರಿಂಗ್ ಕಳಿಸಿ, ನೋಡುತ್ತೇವೆ ಅಂದರು. ನಾನು ಕಳಿಸಲಿಲ್ಲ. ನೋಡುವುದಿದ್ದರೆ ಇಲ್ಲಿಗೇ ಬನ್ನಿ ಅಂದೆ. ಒಬ್ಬ ಎಂಜಿನಿಯರ್ ಬಂದ. ಅಂಗಡಿಯಲ್ಲಿ ತೊಗರಿ ಚೀಲದ ಮೇಲೆ ಕೂತು ಶ್ರೀಖಂಡದ ಡಬ್ಬಿ ತೆಗೆದು, ಬೇರಿಂಗ್ ಅನ್ನು ಬೆಳಕಿಗೆ ಹಿಡಿದು ನೋಡಿದ. ಚಹಾ ಕುಡಿದ. ಹೋಗುವಾಗ ಮೆಲ್ಲಗೆ, "ಇದನ್ನ ಯಾರಿಗೂ ಕೊಡಬೇಡಿ ಸರ್" ಅಂದು ಹೋದ. ಒಳ್ಳೇ ಹುಡುಗ.

ಕೊನೆಗೆ ಹೊಸ ಆಕ್ಸಲ್ ಬಂತು, ರಿಪೇರಿ ಖರ್ಚು 4,300 ಬಂತು. ಮೂರು ದಿನದ ತಿರುಗಾಟದಲ್ಲಿ ಒಂದು ದಿನ ಹಾಳಾದದ್ದಕ್ಕೆ, ವಕೀಲರ ಫೀಸಿಗೆ ಏನೂ ಇಲ್ಲ. ಅದಕ್ಕಾಗಿ ಇನ್ನೊಂದು ವರ್ಷ ಎಳೆಯುವ ಮನಸ್ಸು ನನಗಿರಲಿಲ್ಲ, ತೊಗರಿ ಸೀಸನ್ ಶುರುವಾಗಿತ್ತು. ಆದರೆ 'ಎಲ್ಲ ತಕರಾರು ಮುಗಿಯಿತು' ಅಂತ ಅವರು ಕಳಿಸಿದ ಕಾಗದಕ್ಕೆ ಹಾಗೇ ಸಹಿ ಹಾಕಲಿಲ್ಲ. 'ಆಕ್ಸಲ್ ವಿಷಯಕ್ಕೆ ಮಾತ್ರ' ಅಂತ ಪೆನ್ನಿನಿಂದ ಸೇರಿಸಿ ಹಾಕಿದೆ. ಯಾಕೆಂದರೆ ಫ್ರಿಜ್ ಈಗ ತಂಪು ಮಾಡುವುದನ್ನು ನಿಲ್ಲಿಸಿದೆ, ಮತ್ತು ಫ್ರಿಜ್ ಬೇರೆಯವರದು ಅಂತ ಉತ್ತರ ಆಗಲೇ ಬಂದಿದೆ.

ಫೆಬ್ರವರಿಯಲ್ಲಿ ಯಾದಗಿರಿ ದಾಟಿ ಸುರಪುರದ ಹತ್ತಿರ ಬೋನಾಳ ಕೆರೆಗೆ ಹಕ್ಕಿ ನೋಡಲು ಹೋದೆವು. ಈಗ ಇಪ್ಪತ್ತೈದು ಕಿಲೋಮೀಟರಿಗೊಮ್ಮೆ ನಿಲ್ಲಿಸುತ್ತೇವೆ. ಹಬ್‌ನ ಹತ್ತಿರ ಅಂಗೈಯ ಹಿಂಭಾಗ ತಂದು ನೋಡುವುದು, ಎರಡೂ ಕಡೆ ಒಂದೇ ಥರ ಬೆಚ್ಚಗಿರಬೇಕು. ಒಂದು ಕಡೆ ಜಾಸ್ತಿ ಬಿಸಿಯಿದ್ದರೆ ಮುಂದೆ ಹೋಗಬಾರದು. ನಾನು ಸೀಟ್ ಬೆಲ್ಟ್ ಬಿಚ್ಚುವಷ್ಟರಲ್ಲಿ ನನ್ನ ಹೆಂಡತಿ ಇಳಿದು, ಎರಡೂ ಗಾಲಿ ಮುಟ್ಟಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಿರುತ್ತಾಳೆ. "ಆರಾಮ ಅದ, ನಡೀರಿ."